ಗಾಳಿ ಸಾಹೇಬರು ಒಯ್ದ ಒಂದು ಮೊರ ಜೋಳ

ಗಾಳಿಯಂತ್ರಗಳಿಂದ ಪರಿಸರಕ್ಕೂ ಜನಜೀವನಕ್ಕೂ ಆಗಬಹುದಾದ ಪರಿಣಾಮಗಳನ್ನು ಅಳೆದು ತೂಗಿ ವರದಿ ಒಪ್ಪಿಸಿರುವ ಮಾನ್ಯ ಅಧ್ಯಯನಾಧಿಕಾರಿಗಳ ಸನ್ನಿಧಿಗೆ, ಧಾರವಾಡ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಕಣವಿಹಾಳ ಗ್ರಾಮಸ್ಥರು ೧೯೮೭ರ ಸುಗ್ಗಿಯ ಕಾಲದಲ್ಲಿ, ಸುಗ್ಗಿ ಮಾಡಲು ಜಾಗವಿಲ್ಲದೆ ಕೈಗಳು ಖಾಲಿ ಇರುವುದರಿಂದ, ಆ ಎರಡೂ ಕೈಗಳನ್ನು ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇವೆ. ತಮ್ಮ ಜೀಪೂ ಕ್ಷೇಮವಾಗಿರಲಿ. ಹೋದ ವರ್ಷ ಅದು ನಮ್ಮ ಗುಡ್ಡ ಹತ್ತುವಾಗ ಪಟ್ಟ ಪಾಡು ನೋಡಿ ನಮ್ಮ ಎತ್ತುಗಳೇ ಮರುಗಿದ್ದವು. ಈ ಪತ್ರ ಬರೆಯುತ್ತಿರುವವನು ಲಕ್ಷ್ಮಪ್ಪ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಜೋಳ ಬೆಳೆಯುತ್ತಿರುವವನು. ಊರಿನ ಪರವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬರುವುದು ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ, ನನ್ನ ನಾಲಿಗೆ ಮೆತ್ತಗಿದೆ ಎಂದಲ್ಲ.

ತಮ್ಮ ವರದಿಯನ್ನು ಮೊನ್ನೆ ಹಿರೇಕೆರೂರಿನ ಕಚೇರಿಯೊಂದರಲ್ಲಿ ನಮಗೆ ಓದಿ ಹೇಳಿದರು. ಗುಡ್ಡದ ನೆತ್ತಿಯ ಮೇಲಿರುವುದು ನಿರುಪಯುಕ್ತ ಹಾಸುಬಂಡೆ, ಅಲ್ಲಿ ಯಾರೂ ವಾಸವಾಗಿಲ್ಲ, ಹಕ್ಕಿಗಳು ವಿರಳ, ಜನರು ಯೋಜನೆಗೆ ಸಂತೋಷದಿಂದ ಒಪ್ಪಿ ಧಾನ್ಯ ನೀಡಿ ಹರಸಿದ್ದಾರೆ, ಆದಕಾರಣ ಸಾಮಾಜಿಕ ಪರಿಣಾಮ ಶೂನ್ಯ ಎಂದು ತಾವು ಅಪ್ಪಣೆ ಕೊಡಿಸಿದ್ದೀರಂತೆ. ಅರ್ಧ ದಿನದಲ್ಲಿ ಒಂದು ಊರನ್ನು ಹೀಗೆ ಅರೆದು ಕುಡಿಯುವುದು ಸಾಮಾನ್ಯರ ಕೈಲಾಗುವ ಮಾತಲ್ಲ. ನಾವು ಹುಟ್ಟಿದಾಗಿನಿಂದ ಇಲ್ಲಿದ್ದರೂ ಆ ಬಂಡೆ ನಿರುಪಯುಕ್ತವೆಂಬುದು ನಮಗೆ ತಿಳಿದಿರಲಿಲ್ಲ.

ಮೊದಲು ಹಕ್ಕಿಗಳ ಪರವಾಗಿ ಕ್ಷಮೆ ಕೇಳುತ್ತೇನೆ. ನಡುಮಧ್ಯಾಹ್ನ ಜೀಪಿನ ಹಾರ್ನ್ ಬಾರಿಸುತ್ತ ತಾವು ದಯಮಾಡಿಸಿದಾಗ ನಮ್ಮ ಗುಡ್ಡದ ಕೌಜುಗಗಳೂ ನವಿಲುಗಳೂ ಎದ್ದು ಬಂದು ಸಾಲಾಗಿ ನಿಂತು ಹಾಜರಿ ಕೊಡಬೇಕಾಗಿತ್ತು. ಹಳ್ಳಿಯ ಹಕ್ಕಿಗಳಾದ್ದರಿಂದ ಸರಕಾರಿ ರೀತಿನೀತಿ ಅವಕ್ಕೆ ಗೊತ್ತಿಲ್ಲ, ಕಂಟಿಯೊಳಗೆ ಅಡಗಿಕೊಂಡವು. ತಮ್ಮ ಲೆಕ್ಕಕ್ಕೆ ಸಿಕ್ಕಿದ ಎರಡು ಕಾಗೆಗಳೂ ತಮ್ಮ ಬುತ್ತಿಯ ಆಸೆಗೆ ಬಂದವು.

ಇನ್ನು ಆ ಬಂಡೆಯ ವಿಷಯ. ಕಣವಿಹಾಳ ಇರುವುದು ಗುಡ್ಡದ ಮರೆಯ ತಗ್ಗಿನಲ್ಲಿ, ಅಲ್ಲಿ ಗಾಳಿ ಸುಳಿಯುವುದಿಲ್ಲ. ಆದ್ದರಿಂದ ನಮ್ಮ ಮುತ್ತಜ್ಜಂದಿರ ಕಾಲದಿಂದಲೂ ಜೋಳದ ತೆನೆಗಳನ್ನು ಬಂಡಿಯಲ್ಲಿ ಗುಡ್ಡಕ್ಕೆ ಏರಿಸಿ, ಆ ಬಂಡೆಯ ಮೇಲೆ ಎತ್ತುಗಳಿಂದ ತುಳಿಸಿ, ಮೂಡಗಾಳಿಗೆ ತೂರಿ, ಕಾಳನ್ನು ಮನೆಗೆ ತರುತ್ತ ಬಂದಿದ್ದೇವೆ. ಅದು ಇಡೀ ಊರಿನ ಕಣ. ಅದರ ಮೇಲೆ ಯಾರೂ ವಾಸವಿಲ್ಲ ಎಂದು ತಾವು ಬರೆದದ್ದು ಸತ್ಯ. ತಮ್ಮ ಮನೆಯ ಊಟದ ತಟ್ಟೆಯಲ್ಲೂ ಯಾರೂ ವಾಸವಿರಲಿಕ್ಕಿಲ್ಲ.

ತಾವು ನಮ್ಮ ಒಪ್ಪಿಗೆ ಕೇಳಲು ಆರಿಸಿಕೊಂಡದ್ದೂ ಅದೇ ಕಣವನ್ನು, ತೂರುವ ಹೊತ್ತನ್ನು. ಸುತ್ತಲಿನ ಹಾನಗಲ್ಲ, ಶಿಗ್ಗಾಂವಿ ಕಡೆಯ ಯಾವ ಮಗುವನ್ನು ಕೇಳಿದ್ದರೂ ಒಂದು ಮಾತು ಹೇಳುತ್ತಿತ್ತು: ರಾಶಿ ನಡೆದಿರುವಾಗ ಕಣಕ್ಕೆ ಬಂದು ಕೇಳಿದವರಿಗೆ ಯಾರೂ 'ಇಲ್ಲ' ಎನ್ನುವುದಿಲ್ಲ. ಆ ಮಾತು ಬಾಯಿಂದ ಬಿದ್ದರೆ ರಾಶಿಯ ಹುಲುಸು ಹೋಗುತ್ತದೆಂದು ನಂಬಿಕೆ. ಕುಂಬಾರ ಬರಲಿ, ಬಡಿಗ ಬರಲಿ, ದಾರಿಹೋಕ ಬರಲಿ, ಏನು ಕೇಳಿದರೆಂದು ವಿಚಾರಿಸದೆ ಒಂದು ಮೊರ ಕಾಳು ಹಾಕಿ ಹರಸಿ ಕಳಿಸುತ್ತೇವೆ. ಬೇಡವೆನ್ನುವ ಮಾತಿದ್ದರೆ ಅದಕ್ಕೆ ಊರೊಳಗೆ ಚಾವಡಿ ಇದೆ.

ತಾವು ಬಂದು ಈ ಜಾಗವನ್ನು ಗಾಳಿಯಂತ್ರಕ್ಕೆ ಕೊಡುತ್ತೀರಾ ಎಂದು ಕೇಳಿದಾಗ, ನಮ್ಮ ಹಿರಿಯರಾದ ಉಡಚಪ್ಪನವರು ಪದ್ಧತಿಯಂತೆ ಮೊರ ತುಂಬಿ, "ಹುಲುಸಾಗ್ಲಿರಿ ಸಾಹೇಬ್ರ, ಸಂಜೀಕ ಚಾವಡಿಗೆ ಬರ್ರಿ, ಕುಂತು ಮಾತಾಡೂಣು," ಎಂದರು. ತಾವು ಜೀಪಿನಿಂದ ಚೀಲ ತರಿಸಿ ಜೋಳ ಹಾಕಿಸಿಕೊಂಡಿರಿ. ಪದ್ಧತಿಯ ಅರ್ಧ, ಅಂದರೆ ಚೀಲ ಒಡ್ಡುವ ಅರ್ಧ, ತಮಗೆ ಯಾರೂ ಕಲಿಸದೆಯೇ ಬಂದಿತ್ತು. ಆ ಸಂಜೆ ನಾವು ಚಾವಡಿಯಲ್ಲಿ ಜಮಖಾನೆ ಹಾಸಿ, ತಮಗೆಂದೇ ತರಿಸಿದ ಸವಣೂರಿನ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕಾದೆವು. ಎಲೆ ಬಾಡಿತು, ತಾವು ಬರಲಿಲ್ಲ.

ಮಳೆಗಾಲಕ್ಕೆ ಮೊದಲು ಕಣದ ಸುತ್ತ ಮುಳ್ಳುತಂತಿ ಬಂತು. ನಡುವೆ ಒಂದು ಕಂಬ, ಅದರ ತುದಿಯಲ್ಲಿ ತಿರುಗುವ ಬಟ್ಟಲುಗಳು. ಅವು ಗಾಳಿ ಅಳೆಯುತ್ತವಂತೆ. ಯಂತ್ರಗಳು ಮುಂದೆಂದೋ ಬರುತ್ತವಂತೆ. ಈ ಸುಗ್ಗಿಯಲ್ಲಿ ತಗ್ಗಿನೊಳಗೇ ಕಣ ಮಾಡಿ ಮೊರ ಎತ್ತಿದರೆ ಹೊಟ್ಟು ತೂರಿದವರ ಮುಖಕ್ಕೇ ಬಿತ್ತು. ಕಾದು ಸೋತ ರೈತರು ಅಕ್ಕಿಆಲೂರಿನಿಂದ ಒಕ್ಕುವ ಯಂತ್ರ ಬಾಡಿಗೆಗೆ ತರಿಸಿದರು. ನಾನೂ ತರಿಸಿದೆ, ಬೇರೆ ದಾರಿಯಿರಲಿಲ್ಲ.

ಯಂತ್ರ ಬಂದ ಮೇಲೆ ದಾನವ್ವನ ಕೆಲಸ ಹೋಯಿತು. ದಾನವ್ವ ಯಾರೆಂದರೆ, ತಾವು ಬಂದ ದಿನ ಎತ್ತರದ ಕಟ್ಟಿಗೆಯ ಮೆಟ್ಟಿನ ಮೇಲೆ ನಿಂತು ತೂರುತ್ತಿದ್ದವಳು. ತಾವು ಅವಳ ಚಿತ್ರ ತೆಗೆದುಕೊಂಡು, ವರದಿಯಲ್ಲಿ ಸಂತುಷ್ಟ ಗ್ರಾಮೀಣ ಮಹಿಳೆ ಎಂದು ಹಾಕಿದ್ದೀರಂತೆ. ಅವಳಿಗೆ ಹೊಲವಿಲ್ಲ. ತೂರಿದ್ದಕ್ಕೆ ಕೊಡುವ ಕಾಳು, ರಾಶಿ ಎತ್ತಿದ ಮೇಲೆ ಕಣ ಬಳಿದುಕೊಳ್ಳುವ ಹಕ್ಕು, ಇವೆರಡರಿಂದ ಅವಳ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ರೊಟ್ಟಿ ಆಗುತ್ತಿತ್ತು. ಬಾಡಿಗೆಯ ಯಂತ್ರದವನು ಕಣ ಬಳಿಯಲು ಯಾರಿಗೂ ಬಿಡುವುದಿಲ್ಲ, ಉದುರಿದ್ದನ್ನೂ ಚೀಲಕ್ಕೆ ತುಂಬುತ್ತಾನೆ. ಮೊನ್ನೆ ವರದಿ ಕೇಳಿ ಬರುವಾಗ ಅವಳು ಹೇಳಿದಳು: "ಕಣದಾಗ ಇಲ್ಲ ಅನಬಾರ್ದಂತ ಬಾಯಿ ಮುಚ್ಚಿಕೊಂಡು ನಿಂತಿದ್ನ್ಯೋ ಯಪ್ಪಾ. ಈಗ ಆ ಬಾಯಿಗೇ ಕೂಳಿಲ್ಲದಂಗ ಮಾಡಿದ್ರಲ್ಲೋ." ಇದನ್ನು ಶೂನ್ಯವೆಂದು ಬರೆದ ತಮ್ಮ ಲೇಖನಿಯ ಮೇಲೆ ನನಗೆ ಬಂದ ಸಿಟ್ಟನ್ನು ದುಂಡಕ್ಷರದಲ್ಲಿ ಬರೆಯುವುದು ಹೇಗೆಂದು ಮುಲ್ಕಿಯಲ್ಲಿ ಕಲಿಸಿರಲಿಲ್ಲ.

ಇರಲಿ. ಈಗ ಒಂದು ಸಂತೋಷದ ಸುದ್ದಿ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮಲ್ಲಿ ಕಣದ ಪಾಲು ಪಡೆದ ಕಸುಬುದಾರರು ವರ್ಷವಿಡೀ ಊರಿನ ಕೆಲಸ ಮಾಡಿಕೊಡಬೇಕು. ಬಡಿಗ ಕೂರಿಗೆ ಕಟ್ಟುತ್ತಾನೆ, ಕುಂಬಾರ ಗಡಿಗೆ ಕೊಡುತ್ತಾನೆ. ತಾವು ಒಂದು ಮೊರ ಜೋಳ ಒಯ್ದಿದ್ದೀರಿ. ದಾರಿಹೋಕರೆಂದು ಬಿಡೋಣವೆಂದರೆ ತಾವೇ ಅದನ್ನು ಊರಿನೊಡನೆ ಆದ ಕರಾರೆಂದು ವರದಿಯಲ್ಲಿ ಬರೆದಿದ್ದೀರಿ. ಆದ್ದರಿಂದ ಚಾವಡಿಯಲ್ಲಿ ಎಲ್ಲರೂ ಕೂಡಿ ತಮ್ಮನ್ನು ಊರಿನ ಗಾಳಿ ಕಸುಬಿನವರೆಂದು ಒಪ್ಪಿಕೊಂಡಿದ್ದೇವೆ. ಇನ್ನು ಪ್ರತಿ ಸುಗ್ಗಿಗೂ ತಾವು, ಕಚೇರಿಯ ಗುಮಾಸ್ತರು, ಜವಾನರು, ಮೇಲಧಿಕಾರಿಗಳ ಸಮೇತ ನಮ್ಮ ತಗ್ಗಿನ ಕಣಕ್ಕೆ ಬಂದು, ಮೂಡಣ ದಿಕ್ಕಿಗೆ ಸಾಲಾಗಿ ನಿಂತು, ದಾನವ್ವ ಮೊರ ಎತ್ತಿದಾಗಲೆಲ್ಲ ಒಟ್ಟಿಗೆ ಊದತಕ್ಕದ್ದು. ಕಾಳು ಹಾರಬಾರದು, ಹೊಟ್ಟು ಮಾತ್ರ ಹಾರಬೇಕು. ಹೊಟ್ಟು ಹಾರಿಸುವುದರಲ್ಲಿ ತಮಗಿರುವ ಅನುಭವ ವರದಿಯಿಂದಲೇ ತಿಳಿದುಬಂದಿದೆ. ಉಸಿರು ಕಟ್ಟಿದವರಿಗೆ ಮಜ್ಜಿಗೆ ಕೊಡುತ್ತೇವೆ.

ಇದು ಕಷ್ಟವೆನಿಸಿದರೆ ಆ ಗುಡ್ಡವನ್ನು ತಮ್ಮ ಕಚೇರಿಯ ಅಂಗಳಕ್ಕೆ ಒಯ್ದು, ನಮಗೆ ಬೇರೆ ಗುಡ್ಡ ತಂದಿಡಬಹುದು. ಅದೂ ಆಗದಿದ್ದರೆ ಇನ್ನೊಂದು ದಾರಿ ಇದೆ, ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ತಮ್ಮ ಯಂತ್ರಗಳಿಗೆ ಬೇಕಾದದ್ದು ಮಳೆಗಾಲದ ಜೋರು ಪಡುವಣ ಗಾಳಿ. ನಮಗೆ ಬೇಕಾದದ್ದು ಸುಗ್ಗಿಯ ಮೆಲುಗಾಳಿ. ಕಂಬಗಳನ್ನು ಬಂಡೆಯ ಆಚೆ ನೆಟ್ಟು, ತಂತಿಬೇಲಿಗೆ ಬಂಡಿ ಹೋಗುವಷ್ಟು ಒಂದು ಬಾಗಿಲಿಟ್ಟು, ಸುಗ್ಗಿಯಲ್ಲಿ ಅದರ ಬೀಗ ತೆಗೆದಿದ್ದರೆ ತಮಗೂ ನಮಗೂ ಜಗಳವೇ ಇರುತ್ತಿರಲಿಲ್ಲ. ಆ ಸಂಜೆ ಚಾವಡಿಯಲ್ಲಿ ಇದನ್ನೇ ಹೇಳಬೇಕೆಂದು ಕಾದಿದ್ದೆವು. ಈಗಲೂ ಅಷ್ಟು ಮಾಡಿದರೆ ಮುಂದಿನ ಸುಗ್ಗಿಗೆ ದಾನವ್ವ ಮೆಟ್ಟು ಹತ್ತುತ್ತಾಳೆ.

ಊದುವ ಕೆಲಸಕ್ಕೆ ಎಂದು ಹಾಜರಾಗುವಿರೆಂದು ಮುಂಚಿತವಾಗಿ ತಿಳಿಸಿದರೆ ಮಜ್ಜಿಗೆಗೆ ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ಲಕ್ಷ್ಮಪ್ಪ
ಕಣವಿಹಾಳದ ಸಮಸ್ತರ ಪರವಾಗಿ

ವಿ.ಸೂ.: ಈ ಪತ್ರವನ್ನು ಕಣದಲ್ಲಿ ಬರೆದದ್ದಲ್ಲ, ಚಾವಡಿಯ ಕಟ್ಟೆಯ ಮೇಲೆ ಎಲ್ಲರೆದುರು ಕುಳಿತು ಬರೆದದ್ದು. ಇಲ್ಲಿ ಆ ಮಾತನ್ನು ಆಡಬಹುದು. ಜಾಗ ಕೊಡುತ್ತೀರಾ ಎಂಬ ತಮ್ಮ ಪ್ರಶ್ನೆಯನ್ನು ನಾನು ಮತ್ತೊಮ್ಮೆ ಗಟ್ಟಿಯಾಗಿ ಓದಿ ಹೇಳಿದೆ. ಮೊದಲ ಉತ್ತರ ತನ್ನದೇ ಇರಬೇಕೆಂದು ದಾನವ್ವ ಹಟ ಹಿಡಿದಳು, ಉಡಚಪ್ಪನವರೂ ಒಪ್ಪಿದರು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ: "ಇಲ್ರಿ. ಆವಾಗ ಕೊಟ್ಟಿದ್ದು ಬರೇ ಜ್ವಾಳ. ಕಣಾ ಕೊಟ್ಟಿಲ್ಲ, ಕೊಡೂದೂ ಇಲ್ಲ."