ಎಕ್ಸ್‌ಪೋರ್ಟ್ ಅಂಗಿಯ ತೂಕ

ಏಳು ಬೆಟ್ಟ ಹತ್ತಿ ದೇವರನ್ನು ಕಾಣುವ ವೆಳ್ಳಿಯಂಗಿರಿಯಲ್ಲಿ ಐದನೆಯ ಬೆಟ್ಟದ ತಿರುವು, ಶುಂಠಿ ಹಾಕಿದ ಸುಕ್ಕು ಕಾಫಿ ಮಾರುವ ಪಳನಿಚಾಮಿಯ ಗುಡಾರಕ್ಕಿಂತ ಸ್ವಲ್ಪ ಕೆಳಗೆ. ಬಂಡೆಗೆ ಒರಗಿ ನಿಂತಿದ್ದೆ. ಎಂಬತ್ತರ ದಶಕದ ನಡುವಿನ ಒಂದು ಚಿತ್ತಿರೈ, ಅಂದರೆ ಚೈತ್ರದ ತಿಂಗಳು, ಬೆಳಗಿನ ಹೊತ್ತು. ಸ್ಥಳ, ಕಾಲ ಮೊದಲೇ ಹೇಳಿಬಿಡುತ್ತೇನೆ. ನೆನೆದರೆ ಈಗಲೂ ಆ ಬಂಡೆಯ ತಂಪು ಬೆನ್ನಿಗೆ ತಾಗುತ್ತದೆ.

ಜೊತೆಗಿದ್ದವರು ಭಾವ, ನನ್ನ ಹೆಂಡತಿಯ ಅಣ್ಣ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟವರು. ನಾನು ಸಿರುಮುಗೈಯ ರೇಷ್ಮೆ ನೇಕಾರ. ಬಟ್ಟೆಯವರಿಬ್ಬರು ಬೆಟ್ಟಕ್ಕೆ ಹೊರಟರೆ ಮೇಲೆ ಏನು ಹೊದೆಯಬೇಕೆಂಬುದೇ ದೊಡ್ಡ ಪಂಚಾಯಿತಿ. ಹಗುರವಿರಬೇಕು, ಮಂಜು ತಡೆಯಬೇಕು. ಮಗ್ಗದ ಮೇಲೆ ನೀರು ಸೋರದಂತೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಹೆಂಡತಿ ನನ್ನ ಚೀಲಕ್ಕೆ ತುರುಕಿದಳು. ಭಾವ ನಕ್ಕರು.

"ಏನ್ ಮಾಪ್ಳೆ, ಮಗ್ಗಾನೂ ಎತ್ಕೊಂಡು ಬರ್ತೀಯಾ? ಇದ ನೋಡು, ಫಾರಿನ್‌ಗೆ ಹೋಗೋ ಮಾಲು. ಮುಟ್ಟು, ಹೂವು!"

ಒಳಗೆ ಮೆತ್ತಗೆ ಜುಂಗು ಎಬ್ಬಿಸಿದ ತುಂಬುತೋಳಿನ ಹತ್ತಿ ಅಂಗಿ. ನಾನೂ ಬೆರಳಲ್ಲಿ ಉಜ್ಜಿ ತಲೆದೂಗಿದೆ. ನಮ್ಮಂಥವರಿಗೆ ಬಟ್ಟೆಯನ್ನು ಒಣಗಿದ್ದಾಗ ನೋಡಿಯೇ ಅಭ್ಯಾಸ.

ಮೂರನೆಯ ಬೆಟ್ಟ ದಾಟುವಾಗ ಮಂಜು ಹನಿಯಾಯಿತು. ನಾನು ಹಾಳೆ ಹೊದ್ದೆ. ಅರ್ಧ ಕೊಡಹೋದರೆ ಭಾವ ಕೈ ತಳ್ಳಿದರು. ಅಂಗಿ ಬಿದ್ದ ನೀರನ್ನೆಲ್ಲ ಕುಡಿಯಿತು. ತೋಳುಗಳು ಬೆರಳು ದಾಟಿ ಜೋತುಬಿದ್ದವು. ಮೊದಲು ಭಾವನ ತಮಾಷೆ ನಿಂತಿತು. ಆಮೇಲೆ ನಡುಕ ಶುರುವಾಯಿತು. ಐದನೆಯ ಬೆಟ್ಟದಲ್ಲಿ, ಮೈ ಇನ್ನೂ ತಣ್ಣಗೆ ಕೊರೆಯುತ್ತಿದ್ದರೂ, ಆ ನಡುಕವೂ ನಿಂತುಹೋಯಿತು. ನನಗೆ ಹೆದರಿಕೆಯಾದದ್ದು ಆಗ.

"ಬಸ್ಸು ಬಂತಾ?" ಎಂದು ತೊದಲಿದರು ಭಾವ. "ನೀ ಹೋಗು. ನಾ ಇಲ್ಲೇ ಮಲಗ್ತೀನಿ."

ನಾನು ಕೂಗಿದ್ದಕ್ಕೆ ಪಳನಿಚಾಮಿ ಓಡಿ ಬಂದ. "ತೂಂಗ ಉಡಾದೀಂಗೊ!" ಎಂದ. ನಿದ್ದೆ ಹೋಗಲು ಬಿಡಬಾರದು, ಒದ್ದೆಯದನ್ನು ಮೊದಲು ಕಳಚಬೇಕು. ಇಬ್ಬರೂ ಎಳೆದೆವು. ನೆನೆದ ಅಂಗಿ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಭಾವನ ಮುಖವಿರಬೇಕಾದ ಕಡೆ ಬಟ್ಟೆ ಮಾತ್ರ, ಒಳಗಿಂದ ಸದ್ದಿಲ್ಲ. ಮಗ್ಗದಿಂದ ಸೀರೆಗಳನ್ನೇ ಇಳಿಸಿದವನು, ಒಂದು ಅಂಗಿ ಇಳಿಸಲಾರದೆ ಕಂಬನಿ ತುಂಬಿ ನಿಂತೆ. ಕೊನೆಗೆ ಪಳನಿಚಾಮಿ ಶುಂಠಿ ಕೊಯ್ಯುವ ಚಾಕುವಿನಿಂದ ಫಾರಿನ್ ಮಾಲಿನ ಕುತ್ತಿಗೆ ಸೀಳಿದ.

ನನ್ನ ಮೈಮೇಲಿದ್ದ ಒಣ ಬನಿಯನ್ ಬಿಚ್ಚಿ ಭಾವನಿಗೆ ತೊಡಿಸಿ, ಮೇಲೆ ಹಾಳೆ ಸುತ್ತಿ ಗುಡಾರಕ್ಕೆ ಹೊತ್ತೆವು. ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಕಣ್ಣು ಮುಚ್ಚಿಯೇ ಇತ್ತು. ಹೆಂಡತಿಗೆ ಏನೆಂದು ಹೇಳಲಿ ಎಂದು ನಾನು ಬರಿಮೈಯಲ್ಲಿ ನಡುಗುತ್ತಿದ್ದಾಗ, ಭಾವನ ಎರಡು ಬೆರಳು ಮೆಲ್ಲಗೆ ಬನಿಯನ್ನಿನ ಅಂಚನ್ನು ಹಿಡಿದು ಉಜ್ಜಿದವು.

"ಇದು ನಮ್ಮ ಮಾಲಲ್ಲ."

ಕಣ್ಣು ತೆರೆಯಿತು. "ವರ್ಷಾ ವರ್ಷಾ ದೀಪಾವಳಿಗೆ ಡಜನ್ ಕೊಡ್ತೀನಲ್ಲೋ! ಯಾರ ಬನಿಯನ್ನೋ ಇದು?"

ಭಾವ ಬದುಕಿದರು ಎಂದು ಗೊತ್ತಾಗಿ ನಾನು ಗಳಗಳ ಅತ್ತೆ. ಆ ಸಂತೋಷದಲ್ಲಿ ನಿಜ ಬಾಯಿಂದ ಜಾರಿತು: "ನಿಮ್ದು ಒಗೆದ್ರೆ ಕುಗ್ಗುತ್ತೆ, ಭಾವ."

ಅಲ್ಲಿ ನನ್ನನ್ನು ಬಿಟ್ಟರೆ ಇದ್ದವರು ಇಬ್ಬರೇ, ಇಬ್ಬರೂ ಈಗಲೂ ಇದ್ದಾರೆ. ಬೆಟ್ಟದ ಬುಡದ ಪೂಂಡಿಯಲ್ಲಿ ಪಳನಿಚಾಮಿಯನ್ನು ಕೇಳಿದರೆ ಒಂದು ಪ್ರಾಣ ಉಳಿದದ್ದನ್ನು ಹೇಳುತ್ತಾನೆ. ತಿರುಪ್ಪೂರಿನಲ್ಲಿ ಭಾವನನ್ನು ಕೇಳಿದರೆ, ನಾನು ಆಡಿದ ಆ ಒಂದು ಮಾತನ್ನು ಮಾತ್ರ ಹೇಳುತ್ತಾರೆ.