ಸೊನ್ನೆ ಅಡಿಯಿಂದ ಬ್ರಹ್ಮತಾಲಕ್ಕೆ

ಜಗತ್ತಿನಲ್ಲಿ ಎಲ್ಲಿ ಯಾವ ಬೆಟ್ಟವಿದ್ದರೂ ಅದರ ಎತ್ತರವನ್ನು ನಮ್ಮ ಊರಿನಿಂದಲೇ ಅಳೆಯುತ್ತಾರೆ ಎಂಬ ಸಂಗತಿ ನಮ್ಮ ಊರಿನವರಿಗೇ ಗೊತ್ತಿಲ್ಲ. 'ಸಮುದ್ರಮಟ್ಟದಿಂದ ಇಷ್ಟು ಅಡಿ' ಎಂದು ಪುಸ್ತಕಗಳಲ್ಲಿ, ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡುಗಳಲ್ಲಿ ಬರೆಯುತ್ತಾರಲ್ಲ, ಆ ಸಮುದ್ರಮಟ್ಟ ಎಂದರೆ ಬೇರೇನಲ್ಲ. ಕಾಪು ಕಡಲ ತೀರದಲ್ಲಿ ನಾವು ಚುರುಮುರಿ ತಿನ್ನುತ್ತ ಕುಳಿತುಕೊಳ್ಳುವ ಜಾಗ. ನಾವು ಸೊನ್ನೆ. ನಾವು ಇಲ್ಲಿ ಸೊನ್ನೆಯಾಗಿ ಕುಳಿತಿರುವುದರಿಂದಲೇ ಹಿಮಾಲಯ ಅಲ್ಲಿ ಹಿಮಾಲಯವಾಗಿ ನಿಂತಿದೆ. ಇದು ಸರ್ವೆ ಇಲಾಖೆಯಲ್ಲಿ ಕೂದಲು ಉದುರುವವರೆಗೆ ಇತರರ ಜಾಗ ಅಳೆದು ನಿವೃತ್ತನಾದವನ ಮಾತು, ಹಗುರವಾಗಿ ತೆಗೆದುಕೊಳ್ಳಬಾರದು. ಸರ್ವೆಯಲ್ಲಿ ಮನುಷ್ಯರು ಎರಡು ಬಗೆ. ಒಂದು ಕಣ್ಣು ಮುಚ್ಚಿ ದುರ್ಬೀನಿನಲ್ಲಿ ನೋಡುವವರು ಒಂದು ಬಗೆ. ದೂರದ ಗದ್ದೆಯ ಬದುವಿನಲ್ಲಿ ಕೋಲು ಹಿಡಿದು, ಬಿಸಿಲಿಗೆ ಬೆವರುತ್ತ, ಅಲ್ಲಾಡದೆ ನಿಲ್ಲುವವರು ಇನ್ನೊಂದು ಬಗೆ. ನಾನು ಮೊದಲನೆಯ ಬಗೆ. 'ಇನ್ನೂ ಸ್ವಲ್ಪ ಎಡಕ್ಕೆ ಮಾರಾಯ' ಎಂದು ಕೈ ಬೀಸುವುದೇ ನನ್ನ ಉದ್ಯೋಗವಾಗಿತ್ತು.

ಜೀವಮಾನವಿಡೀ ಸೊನ್ನೆಯಲ್ಲಿ ಕುಳಿತವನಿಗೆ ಒಂದು ದಿನ ಎತ್ತರದ ಹುಚ್ಚು ಹಿಡಿದರೆ ತಪ್ಪು ಯಾರದ್ದು? ನನ್ನ ಮಟ್ಟಿಗೆ ಹಮೀದನದ್ದು. ಹಮೀದ್ ನನ್ನ ಶಾಲೆಯ ಕಾಲದ ಗೆಳೆಯ. ಬಹಳ ವರ್ಷ ದುಬೈಯಲ್ಲಿದ್ದು ಬಂದು ಕಾಪು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳು ಕುಳಿತು ಚಪ್ಪಲಿ ಹಾಕಿ ನೋಡಲೆಂದು ಅಲ್ಲಿ ಒಂದು ಬೆಂಚು ಉಂಟು. ಅದರಲ್ಲಿ ಸಾಯಂಕಾಲ ನಾನು ಕುಳಿತಿರುವುದರಿಂದ ಗಿರಾಕಿಗಳು ಒಂಟಿ ಕಾಲಿನಲ್ಲಿ ನಿಂತು ಚಪ್ಪಲಿ ಹಾಕಿ ನೋಡುತ್ತಾರೆ. ಆ ಬೆಂಚಿನ ಮೇಲೆಯೇ ಅವನು ಒಂದು ದಿನ ಮೊಬೈಲಿನಲ್ಲಿ ಬ್ರಹ್ಮತಾಲ್ ತೋರಿಸಿದ. ಉತ್ತರಾಖಂಡದಲ್ಲಿರುವ ಸರೋವರ. ಹನ್ನೆರಡು ಸಾವಿರ ಅಡಿ ಎತ್ತರ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬೆಳ್ಳಿ ಹರಿವಾಣದ ಹಾಗೆ ಮಲಗಿರುತ್ತದೆ. ಸುತ್ತ ಹಿಮ, ಹಿಮದ ಸುತ್ತ ಸೆಲ್ಫಿ ತೆಗೆಯುವ ಜನ. ಅಷ್ಟು ಎತ್ತರದಲ್ಲಿ ಅಷ್ಟು ಜನರನ್ನು ನೋಡಿದ ಮೇಲೆ, ಭೂಮಿಯ ಮೇಲೆ ಹೋಗದೆ ಉಳಿದವರು ನಾವಿಬ್ಬರೇ ಏನೋ ಎಂದು ನನಗೆ ನಾಚಿಕೆಯಾಯಿತು. "ಚಳಿ ತಡೆಯಬಹುದಾ ಹಮೀದ್?" ಎಂದೆ. "ಚಳಿಯ ವಿಷಯ ನನಗೆ ಹೇಳಬೇಡಿ ಮಾರಾಯ್ರೆ," ಎಂದ, "ನಾನು ದುಬೈಯಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಇದ್ದವ." ಮರುಭೂಮಿಯಲ್ಲಿ ಚಳಿಯ ಪಾಂಡಿತ್ಯ ಸಂಪಾದಿಸಿದವನು ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಅಲ್ಲೇ, ಆ ಬೆಂಚಿನಲ್ಲೇ, ಚಾರಣ ಕರೆದುಕೊಂಡು ಹೋಗುವ ಒಂದು ತಂಡದಲ್ಲಿ ನಾವು ಎರಡು ಸೀಟು ಕಾದಿರಿಸಿದೆವು. ಹಮೀದ್ ಪರ್ವತಾರೋಹಣದ ಬೂಟುಗಳನ್ನೂ ತರಿಸಿದ. ನನ್ನದು ಬಿಗಿಯಾಯಿತು. "ಎರಡು ದಿನ ಹಾಕಿದರೆ ಸಡಿಲ ಆಗ್ತದೆ" ಎಂದ. ಅವನು ಇದುವರೆಗೆ ಯಾವ ಗಿರಾಕಿಗೂ ಬೇರೆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಮನೆಗೆ ಬಂದು ಹೆಂಡತಿ ವಾರಿಜಳಿಗೆ ಸುದ್ದಿ ಹೇಳಿದೆ. ಹೇಳಿ, "ನೀನೂ ಬಾ" ಎಂದೆ. ಅವಳು ಬರುವುದಿಲ್ಲ ಎಂದು ಖಾತ್ರಿ ಇದ್ದುದರಿಂದ ಸಾಕಷ್ಟು ಧಾರಾಳವಾಗಿಯೇ ಕರೆದೆ. ನಮ್ಮ ಮನೆ ಶಂಕರಪುರದ ಹತ್ತಿರ. ಹಿತ್ತಿಲಿನಲ್ಲಿ ಮಲ್ಲಿಗೆ ಗಿಡಗಳಿವೆ. ಮಲ್ಲಿಗೆ ಇರುವ ಮನೆಯ ಸ್ಥಿತಿ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಹಸುವನ್ನಾದರೂ ಒಂದು ದಿನ ಪಕ್ಕದ ಮನೆಯವರ ಹತ್ತಿರ 'ಸ್ವಲ್ಪ ನೋಡಿಕೊಳ್ಳಿ' ಎನ್ನಬಹುದು; ಆದರೆ ಪಕ್ಕದ ಮನೆಯಲ್ಲೂ ಮಲ್ಲಿಗೆಯೇ ಇದ್ದರೆ ಯಾರಿಗೆ ಹೇಳುವುದು? ಬೆಳಗ್ಗೆ ಬಿಸಿಲು ಬೀಳುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟಿದ ಮಾಲೆಯನ್ನು ಸುರುಳಿ ಸುತ್ತಿ ಚೆಂಡು ಮಾಡಬೇಕು, ಹೂವಿನವನು ಬೈಕಿನಲ್ಲಿ ಬಂದಾಗ ಕೈಗೆ ಕೊಡಬೇಕು. ಮೊಗ್ಗಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ, ಸೂತಕವೂ ಇಲ್ಲ. ಈ ಗಿಡಗಳು ಹೂ ಬಿಡಲು ತೊಡಗಿದ ಮೇಲೆ ವಾರಿಜ ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ. ಅಜೆಕಾರಿನಲ್ಲಿ ಅವಳ ತಂಗಿ ಪುಷ್ಪಳ ಮನೆಯ ಗೃಹಪ್ರವೇಶಕ್ಕೂ ಬೆಳಗ್ಗೆ ಹೂ ಕೊಟ್ಟು ಹೋದವಳು ಸಂಜೆ ಬಸ್ಸಿಗೆ ಬಂದಾಗಿತ್ತು.

"ಬೇಸಿಗೆಯಲ್ಲಿ ಹೂ ರಾಶಿ, ಬರ್ಲಿಕ್ಕೆ ಆಗುವುದಿಲ್ಲ. ಚಳಿಗೆ ಹೂ ಕಡಿಮೆ, ಆದರೆ ದರ ಮೇಲೆ ಉಂಟು, ಆಗಲೂ ಆಗುವುದಿಲ್ಲ. ಕೊಯ್ಯುವವರು ಯಾರು? ನೀವು ಹೋಗಿ ಬನ್ನಿ," ಎಂದಳು. ಸ್ವಲ್ಪ ಹೊತ್ತು ನಾರು ಸೀಳುತ್ತಿದ್ದವಳು, "ಅಲ್ಲ, ಆ ಕೆರೆಯ ನೀರು ಇಡೀ ಗಟ್ಟಿ ಆಗುವುದು ಹೌದಾ? ಕಲ್ಲು ಬಿಸಾಡಿದರೆ ಮುಳುಗುವುದಿಲ್ವಾ?" ಎಂದು ಕೇಳಿದಳು. "ಅದೆಲ್ಲ ನಿನಗೆ ಎಂತಕ್ಕೆ?" ಎಂದೆ. ಈ ಒಂದು ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬಾರದು ಎಂದು ಕೋರುತ್ತೇನೆ. ಅವಳು ನೆನಪಿಟ್ಟುಕೊಂಡದ್ದೇ ಸಾಕಾಗಿದೆ.

ಅಭ್ಯಾಸ ಶುರುವಾಯಿತು. ಎತ್ತರಕ್ಕೆ ನಮ್ಮಲ್ಲಿ ಇರುವುದು ಕಾಪುವಿನ ದೀಪಸ್ತಂಭ ಒಂದೇ. ಅದನ್ನೇ ಸಾಯಂಕಾಲ ಹತ್ತಿ ಇಳಿಯುವುದೆಂದು ತೀರ್ಮಾನವಾಯಿತು. ಇಂಥ ನೂರಕ್ಕೂ ಹೆಚ್ಚು ಸ್ತಂಭಗಳನ್ನು ಒಂದರ ಮೇಲೊಂದು ಇಟ್ಟರೆ ಬ್ರಹ್ಮತಾಲ್ ಎಂದು ನಾನು ಸುತ್ತು ಮೆಟ್ಟಿಲಿನ ನಡುವೆ ನಿಂತು ಲೆಕ್ಕ ಹಾಕಿ ಹೇಳಿದಾಗ, ಹಮೀದ್ ಗೋಡೆ ಹಿಡಿದುಕೊಂಡು, "ಲೆಕ್ಕ ಕೆಳಗೆ ಹೋಗಿ ಮಾಡುವ ಮಾರಾಯ್ರೆ, ಇಲ್ಲಿ ಆಕ್ಸಿಜನ್ ಕಡಿಮೆ ಉಂಟು" ಎಂದ. ಮೇಲಿನಿಂದ ಬೀಸುವ ಕಡಲ ಗಾಳಿಯಲ್ಲಿ ಪುಟ್ಟ ಮಕ್ಕಳು ನಮ್ಮನ್ನು ದಾಟಿ ಓಡುತ್ತಿದ್ದವು. ಕಲ್ಲು ಹತ್ತುವ ಅಭ್ಯಾಸಕ್ಕೆಂದು ಕಾರ್ಕಳದ ಗೊಮ್ಮಟಬೆಟ್ಟಕ್ಕೂ ಹೋದೆವು. ಅಲ್ಲಿ ತಪ್ಪಾದದ್ದು ಇಷ್ಟೇ: ಹತ್ತುವ ಮೊದಲು ಬನ್ಸ್ ತಿಂದೆವು. ಬಿಸಿ ಬನ್ಸು ಮತ್ತು ಚಟ್ನಿ ಹೊಟ್ಟೆಯಲ್ಲಿರುವಾಗ ವೈರಾಗ್ಯಮೂರ್ತಿಯ ದರ್ಶನಕ್ಕೆ ಹೋಗುವುದು ಅಪಚಾರ ಎಂದು ಹಮೀದನಿಗೆ ನಾನು ವಿವರಿಸಿದೆ. ಅವನು ಪರಧರ್ಮದ ವಿಷಯದಲ್ಲಿ ಬಹಳ ಗೌರವ ಇರುವವನು. ತಕ್ಷಣ ಒಪ್ಪಿ ಇನ್ನೊಂದು ಪ್ಲೇಟ್ ತರಿಸಿದ.

ಉಳಿದದ್ದು ಚಳಿ. ಜನವರಿ ತಿಂಗಳಲ್ಲೂ ಫ್ಯಾನ್ ಹಾಕಿ ಮಲಗುವ ಊರಿನಲ್ಲಿ ಚಳಿಯನ್ನು ತರುವುದು ಎಲ್ಲಿಂದ? ಇಲ್ಲಿ ಹಮೀದನ ಪ್ರತಿಭೆ ಪ್ರಕಾಶಿಸಿತು. ಮಲ್ಪೆಯಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆಯ ಒಂದು ಐಸ್ ಪ್ಲಾಂಟಿನವರು ಅವನ ಪರಿಚಯದವರು. ಹೋಗಿ ಗಡ್ಡೆಗಳನ್ನು ಒಟ್ಟಿದ್ದ ಕೋಣೆಯಲ್ಲಿ ನಿಂತೆವು. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ಮಳೆಗಾಲದ ರೈನ್‌ಕೋಟು, ಕಾಲಿಗೆ ಹೊಸ ಬೂಟು. ಒಳಗೆ ಬಂದ ಒಬ್ಬ, "ಎಂತ ಹುಡುಕುವುದು ನೀವು?" ಎಂದು ಕೇಳಿದ. "ಎಂತದೂ ಇಲ್ಲ, ಹಿಮಾಲಯಕ್ಕೆ ಪ್ರಾಕ್ಟೀಸ್," ಎಂದ ಹಮೀದ್ ಹಲ್ಲು ಕಟಕಟಿಸುತ್ತ. ಆತ ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಹಾಗಾದರೆ ಬಾಗಿಲು ಹಾಕ್ತೇನೆ, ಐಸ್ ಕರಗ್ತದೆ" ಎಂದು ಹೊರಟುಹೋದ. ಬಾಗಿಲು ತೆಗೆಯುವವರೆಗಿನ ಅವಧಿಯಲ್ಲಿ ಹಮೀದ್ ತನ್ನ ಕೋಲ್ಡ್ ಸ್ಟೋರೇಜಿನ ಬಗ್ಗೆ ಒಂದು ಸತ್ಯ ಹೇಳಿದ: ಅವನು ಇದ್ದದ್ದು ಅದರ ಹೊರಗಿನ ಕೌಂಟರಿನಲ್ಲಂತೆ. ಬಸ್ಸಿನಲ್ಲಿ ಬರುವಾಗ ಮೀನಿನ ಬುಟ್ಟಿಯ ಹೆಂಗಸೊಬ್ಬಳು ನಮ್ಮ ಪಕ್ಕ ಬಂದು ಕುಳಿತು, "ಇವತ್ತು ಬಂಗುಡೆಗೆ ಎಷ್ಟು ಉಂಟು ಅಣ್ಣ ಬಂದರಿನ ದಕ್ಕೆಯಲ್ಲಿ?" ಎಂದು ತನ್ನ ಕಸುಬಿನವರನ್ನು ಕೇಳುವ ಹಾಗೆ ಕೇಳಿದಳು. ಮನೆಗೆ ಬಂದಾಗ ನೆರೆಯ ಬೆಕ್ಕು ಗೇಟಿನಿಂದಲೇ ನನ್ನನ್ನು ಸ್ವಾಗತಿಸಿತು. ವಾರಿಜ ಮೂಗು ಅರಳಿಸಿ, "ವಾಸನೆ ತಂದಿದ್ದೀರಿ. ಮೀನು ಎಲ್ಲಿ?" ಎಂದಳು.

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ಕ್ರಮ ಬಾಕಿ ಇತ್ತು. ದೇಹ ಗಟ್ಟಿಯಿದೆ ಎಂದು ಡಾಕ್ಟರರ ಒಂದು ಚೀಟಿ ಬೇಕಂತೆ. ಮಣಿಪಾಲದ ಒಂದು ಕ್ಲಿನಿಕ್ಕಿಗೆ ಹೊರಟೆವು. ನಾನು ಡಾಕ್ಟರರ ಹತ್ತಿರ ಸತ್ಯ ಹೇಳುತ್ತೇನೆಂಬ ನಂಬಿಕೆ ಇಲ್ಲದ ವಾರಿಜ, ಹೂ ಕೊಟ್ಟಾದ ಮೇಲೆ ನಮ್ಮ ಜೊತೆಗೇ ಹೊರಟಳು. ಡಾಕ್ಟರು ಚಿಕ್ಕ ಪ್ರಾಯದ ಹುಡುಗಿ. ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಅರ್ಧ ಗಂಟೆ ಕುಳ್ಳಿರಿಸಿ ಮತ್ತೆ ನೋಡಿದರು. "ಅಂಕಲ್, ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದಕ್ಕೇ ಬಿಪಿ ಇಷ್ಟು ಉಂಟು. ನೀವು ಹಿಮಾಲಯಕ್ಕೆ ಹೋದರೆ ನಿಮಗಿಂತ ಮೊದಲು ಅದು ಶಿಖರ ಮುಟ್ಟುತ್ತದೆ," ಎಂದರು. ಹಮೀದನ ಸಕ್ಕರೆಯ ಅಂಶ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನಿನ್ನೆ ಒಂದು ಮದುವೆ ಇತ್ತು ಡಾಕ್ಟ್ರೇ," ಎಂದ ಹಮೀದ್. "ಇದು ಮೂರು ತಿಂಗಳಿನದ್ದು ತೋರಿಸುವ ಟೆಸ್ಟ್" ಎಂದರು ಅವರು. "ಮೂರು ತಿಂಗಳೂ ಮದುವೆ ಇತ್ತು" ಎಂದ.

ಆ ಮೇಲೆ ಡಾಕ್ಟರು ವಾರಿಜಳ ಕಡೆ ತಿರುಗಿ, "ಆಂಟಿ, ನೀವೂ ಹೋಗುವುದಾ?" ಎಂದರು. "ನಾನು ಇವರ ಚೀಲ ಹಿಡ್ಕೊಂಡು ಬಂದದ್ದು" ಎಂದಳು. "ಬಂದದ್ದು ಬಂದಿದ್ದೀರಿ, ಕೈ ಕೊಡಿ." ನೋಡಿದರು, ಇನ್ನೊಮ್ಮೆ ನೋಡಿದರು, ಈ ಸಲ ಯಂತ್ರದ ಮೇಲೆ ಸಂಶಯವಿದ್ದ ಹಾಗಿತ್ತು. ದಿನವೂ ಗಿಡಗಳ ಬುಡಕ್ಕೆ ಬಗ್ಗಿ, ಬಾವಿಯಿಂದ ನೀರು ಹೊತ್ತ ದೇಹ ಅದು. "ಆಂಟಿ ಹೋಗಬಹುದು," ಎಂದು ಡಾಕ್ಟರು ತೀರ್ಪು ಕೊಟ್ಟರು, "ಬೇಕಾದರೆ ಓಡಿಕೊಂಡು ಹೋಗಬಹುದು."

ಬರುವಾಗ ಬಸ್ಸಿನಲ್ಲಿ ಹಮೀದ್ ಚಾರಣದವರಿಗೆ ಫೋನ್ ಮಾಡಿದ. ಕೊಟ್ಟ ಹಣ ವಾಪಸ್ ಇಲ್ಲವಂತೆ, ಹೆಸರು ಬೇಕಾದರೆ ಬದಲಾಯಿಸಬಹುದಂತೆ. ವಾರಿಜ ಕಿಟಕಿಯ ಹೊರಗೆ ನೋಡುತ್ತಿದ್ದವಳು, "ಹಣ ನೀರಿಗೆ ಹಾಕುವುದಾ?" ಎಂದಳು. ನೀರಲ್ಲ, ಮಂಜುಗಡ್ಡೆ ಎಂದು ನಾನು ತಿದ್ದಲಿಲ್ಲ. ಸ್ವಲ್ಪ ಹೊತ್ತಿಗೆ, "ಪುಷ್ಪ ಎಲ್ಲಿಗೆ ಕರೆದರೂ ಬರ್ತಾಳೆ. ಆದರೆ ನನ್ನ ಹೂ..." ಎಂದು ನಿಲ್ಲಿಸಿದಳು. ಆ 'ಆದರೆ'ಯ ಮುಂದೆ ಇಷ್ಟು ವರ್ಷದ ಎಲ್ಲ ಪ್ರಯಾಣಗಳೂ ನಿಂತುಹೋಗಿದ್ದವು. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ; "ಹೂ ನಾನು ಕೊಯ್ತೇನೆ" ಎಂದೆ. ಹಮೀದ್ ಹಿಂದಿನ ಸೀಟಿನಿಂದ, "ಅಕ್ಕ, ಬೇಗ ಒಪ್ಪಿಕೊಳ್ಳಿ, ಬಿಪಿ ಇಳಿದರೆ ಮಾತು ಬದಲಾಯಿಸುತ್ತಾರೆ" ಎಂದ.

ಬ್ರಹ್ಮತಾಲದವರು ಒಂದು ಚೀಟಿ ಕೇಳಿ ಸುಮ್ಮನಾದರು. ವಾರಿಜ ಹಾಗೆ ಬಿಡುವವಳಲ್ಲ. ಮರುದಿನ ಬೆಳಗ್ಗೆಯಿಂದ ನನ್ನ ಪರೀಕ್ಷೆ ಶುರುವಾಯಿತು. ಇವತ್ತು ಸಂಜೆ ಅರಳುವ ಮೊಗ್ಗು ಯಾವುದು, ನಾಳೆಯದ್ದು ಯಾವುದು? ನನ್ನ ಕಣ್ಣಿಗೆ ಎಲ್ಲವೂ ಒಂದೇ ತರವಾಗಿ ಬೆಳ್ಳಗಿದ್ದವು. "ಅದು ನಾಳೆಯದ್ದು! ಮುಟ್ಟಬೇಡಿ! ಇಷ್ಟು ವರ್ಷ ಅರ್ಧ ಅಡಿ ಗಡಿಗೆ ಜನರನ್ನು ಕೋರ್ಟಿಗೆ ಕಳಿಸಿದ ಕಣ್ಣಾ ಇದು?" ಎಂದು ಗಿಡದ ಆಚೆಯಿಂದ ಗದರಿಕೆ ಬರುತ್ತಿತ್ತು. ನಾನು ಕಟ್ಟಿದ ಮಾಲೆಯ ಹೂಗಳು, ಬಸ್ಸಿಗೆ ಕಾಯುವ ಜನರ ಹಾಗೆ ಒಂದೊಂದೂ ಒಂದೊಂದು ದಿಕ್ಕು ನೋಡುತ್ತಿದ್ದವು. ಹೂವಿನವನು ನನ್ನ ಮೊದಲ ಚೆಂಡನ್ನು ಅಂಗೈಯಲ್ಲಿಟ್ಟು ತೂಗಿ, "ಇದು ಚೆಂಡಾ ಸರ್, ಇಡ್ಲಿಯಾ?" ಎಂದ. ಎಂಟು ದಿನ ತಾಲೀಮು ನಡೆಯಿತು. ಕೊನೆಗೆ ವಾರಿಜ ನನ್ನ ಮಾಲೆಯನ್ನು ಎತ್ತಿ ಹಿಡಿದು ಜಗ್ಗಿ ನೋಡಿ, "ದೇವರಿಗೆ ಆಗ್ತದೆ, ಮದುವೆಗೆ ಆಗುವುದಿಲ್ಲ" ಎಂದಳು. ಪಾಸು ಎಂದು ಅರ್ಥ. ಹೊರಡುವ ದಿನ ನನ್ನ ಬಿಗಿ ಬೂಟುಗಳನ್ನು ಎರಡು ಜೋಡಿ ಕಾಲುಚೀಲದ ಮೇಲೆ ಹಾಕಿ ನೋಡಿದಳು. ಹೇಳಿ ಮಾಡಿಸಿದ ಹಾಗಿತ್ತು. ಉಡುಪಿ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಅಕ್ಕ ತಂಗಿ ಇಬ್ಬರೂ ಕಿಟಕಿಯಿಂದ ಕೈ ಬೀಸಿದರು. ಅದರಲ್ಲಿ ಒಬ್ಬಳು, "ಬಿಸಿಲು ಬೀಳುವ ಮೊದಲು!" ಎಂದು ಕೂಗಿದ್ದು ಪ್ಲಾಟ್‌ಫಾರಂ ಇಡೀ ಕೇಳಿತು.

ಆ ದಿನಗಳಲ್ಲಿ ನಾನು ಒಂದು ಬೆಳಗ್ಗೆಯೂ ತಪ್ಪಿಸಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಬೆನ್ನು ಕಮಾನಾಯಿತು, ನಾರು ಬೆರಳು ಕೊಯ್ದಿತು, ಆದರೂ ಹೂವಿನವನು ಬರುವ ಹೊತ್ತಿಗೆ ಚೆಂಡು ಸಿದ್ಧ. ಪೇಟೆಯಲ್ಲಿ ಕಂಡವರೆಲ್ಲ, "ಹಿಮಾಲಯಕ್ಕೆ ಹೋಗ್ತೇನೆ ಅಂತ ಹೇಳಿದ್ದು ನೀವೇ ಅಲ್ವಾ?" ಎಂದು ಕೇಳುತ್ತಿದ್ದರು. ಸಂಜೆ ಬೆಂಚಿನಲ್ಲಿ ಕುಳಿತ ನನ್ನನ್ನು ಹಮೀದ್ ಮೂಸಿ ನೋಡಿ, "ಮೀನಿನಿಂದ ಮಲ್ಲಿಗೆಗೆ ಬಂದಿರಿ ಮಾರಾಯ್ರೆ, ಪ್ರಗತಿ ಉಂಟು" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಫೋನು ಬಂತು. ಬೆಟ್ಟ ಇಳಿದು ಸಿಗ್ನಲ್ ಸಿಕ್ಕಿದ ಕೂಡಲೇ ಮಾಡಿದ್ದಂತೆ. ನಾನು ವರದಿಯನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ: ಒಂದು ಮೊಗ್ಗೂ ಗಿಡದಲ್ಲಿ ಅರಳಿಲ್ಲ, ಒಂದು ಚೆಂಡೂ ವಾಪಸ್ ಬಂದಿಲ್ಲ. ಅವಳು ಕೇಳಲೇ ಇಲ್ಲ. "ಕಲ್ಲು ಬಿಸಾಡಿ ನೋಡಿದೆ!" ಎಂದು ಏದುಸಿರು ಬಿಡುತ್ತ ಹೇಳಿದಳು. "ಮುಳುಗಲೇ ಇಲ್ಲ. ಟಣ್ಣ್ ಅಂತ ಶಬ್ದ ಬಂತು, ಆಚೆ ದಡದವರೆಗೆ ಜಾರಿಕೊಂಡು ಹೋಯಿತು. ಪುಷ್ಪ ಇನ್ನೊಂದು ಬಿಸಾಡಿದಳು, ಅದೂ ಹೋಯಿತು. ಮತ್ತೆ ನಾವು ಬಿಸಾಡಿಕೊಂಡೇ ಇದ್ದೆವು. ಗೈಡು ಬಂದು ಕರೆದುಕೊಂಡು ಹೋದ." ಅವಳ ಧ್ವನಿಯಲ್ಲಿ ಅಂಥ ನಗುವನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಹೂವಿನ ಸುದ್ದಿ ನಾನಾಗಿ ಎತ್ತಲಿಲ್ಲ. ಕೊನೆಗೆ ಫೋನು ಇಡುವಾಗ ಅವಳೇ, "ಮೇಲೆ ಒಂದು ಬೋರ್ಡು ಉಂಟು, ಸಮುದ್ರಮಟ್ಟದಿಂದ ಇಷ್ಟು ಅಡಿ ಅಂತ. ಅದನ್ನು ಓದುವಾಗ ನಿಮ್ಮ ನೆನಪಾಯಿತು," ಎಂದಳು.

ಇದನ್ನು ಹೊಗಳಿಕೆ ಎಂದು ನಾನು ದಾಖಲಿಸಿಕೊಂಡಿದ್ದೇನೆ. ಬಂದವಳು ಮೊದಲು ಗಿಡಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಎರಡೂ ಸ್ವಲ್ಪ ಬಾಡಿವೆ ಎಂದಳು. ಈಗ ಅದಕ್ಕಿಂತ ಎತ್ತರದಲ್ಲಿ ಇನ್ನೊಂದು ಸರೋವರ ಉಂಟಂತೆ, ಅಕ್ಕ ತಂಗಿ ಇಬ್ಬರೂ ಫೋನಿನಲ್ಲಿ ಅದರ ಮಾತೇ ಆಡುತ್ತಾರೆ. ನಾನು ಅಡ್ಡಿ ಮಾಡುವುದಿಲ್ಲ. ಎತ್ತರ ಅಳೆಯಬೇಕಾದರೆ ಕೆಳಗೆ ಸೊನ್ನೆಯಲ್ಲಿ ಒಬ್ಬ ಅಲ್ಲಾಡದೆ ನಿಂತಿರಲೇಬೇಕು ಎಂಬುದು ಸರ್ವೆಯ ಮೂಲಸೂತ್ರ. ದುರ್ಬೀನು ಈಗ ಅವಳ ಕೈಯಲ್ಲಿದೆ. ನಾನು ಮಲ್ಲಿಗೆ ಗಿಡಗಳ ನಡುವೆ ಕೋಲಿನ ಹಾಗೆ ನಿಂತಿದ್ದೇನೆ. "ಇನ್ನೂ ಸ್ವಲ್ಪ ಎಡಕ್ಕೆ, ಅಲ್ಲಿ ಒಂದು ಮೊಗ್ಗು ಬಿಟ್ಟಿದ್ದೀರಿ" ಎಂದು ಅವಳು ಹೇಳಿದ ಕೂಡಲೇ ಸರಿಯುತ್ತೇನೆ.