ಟವರ್ ತಲೆನೋವಿಗೆ ಮಿನರಲ್ ಪುಡಿ

ಮೆಡಿಕಲ್ ಸ್ಟೋರ್ ಇಟ್ಟವನಿಗೆ ಕೋಪ ಬರಬಾರದು ಅಂತಾರೆ. ಹಾಗನ್ನೋರು ಒಂದು ದಿನ ನನ್ನ ಕೌಂಟರ್ ಹಿಂದೆ ನಿಂತು ನೋಡಲಿ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಮೂವತ್ತು ವರ್ಷದಿಂದ ಮಾತ್ರೆ ಮಾರುತ್ತಿದ್ದೇನೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಹೀಟ್ ಆಗುತ್ತೆ ಬೇಡ ಅಂತ ವಾಪಸ್ ತರುವ ಜನ, ಬಸ್ಸಿನಲ್ಲಿ ಪಕ್ಕದ ಸೀಟಿನವನು ಕೊಟ್ಟ ಬೇರನ್ನು ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಈ ಹುಚ್ಚು ಇವತ್ತು ನಿಂತೀತು, ನಾಳೆ ನಿಂತೀತು ಅಂತ ಕಾದೆ. ಎಲ್ಲಿ ನಿಲ್ಲುತ್ತೆ? ಎರಡು ಸಾವಿರದ ಇಸವಿ ದಾಟಿ, ಬಿಡದಿ ಕಡೆ ಫ್ಯಾಕ್ಟರಿಗಳೆದ್ದು, ಕಂಡ ಕಂಡ ತೋಟದಲ್ಲೆಲ್ಲ ಮೊಬೈಲ್ ಟವರ್ ಎದ್ದ ಮೇಲಂತೂ ಹೇಳತೀರದು. ಆ ಕಾಲದ ನಾಲ್ಕಾರು ಪ್ರಸಂಗ ಹೇಳುತ್ತೇನೆ. ನೀವು ಬೇಕಾದರೆ ನಗಿ. ನನಗಂತೂ ಇವತ್ತಿಗೂ ಮೈ ಉರಿಯುತ್ತೆ.

ಕರೆಂಟಿಲ್ಲದ ಕಾಟ

ನಮ್ಮಕ್ಕ ಇರುವುದು ದೊಡ್ಡಮಳೂರಿನ ಆಚೆ ಒಂದು ಹಳ್ಳಿಯಲ್ಲಿ. ಅವ್ವ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ನನ್ನ ಮೂಗು ಒರೆಸಿ, ಬೆನ್ನಿಗೆರಡು ಬಿಟ್ಟು, ಸ್ಕೂಲಿಗೆ ಅಟ್ಟಿ ಸಾಕಿದವಳು ಅವಳೇ. ಈಗ ಒಂದು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಅವಳಿಗೆ ಬಿಪಿ, ಅದೂ ಸಣ್ಣಪುಟ್ಟದ್ದಲ್ಲ. ಒಂದು ಸಲ ಸ್ಟ್ರೋಕ್ ಆಗುವುದು ಕೂದಲೆಳೆಯಲ್ಲಿ ತಪ್ಪಿದೆ, ಮಾತ್ರೆ ಒಂದು ದಿನವೂ ಬಿಡುವ ಹಾಗಿಲ್ಲ ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದಕ್ಕೇ ಪ್ರತಿ ತಿಂಗಳ ಮೊದಲ ಭಾನುವಾರ ಅಂಗಡಿ ಬಾಗಿಲು ಹಾಕಿ ನಾನೇ ಮಾತ್ರೆ ತಗೊಂಡು ಹೋಗುತ್ತಿದ್ದೆ. ಅಕ್ಕನ ಕೈಯ ಮುದ್ದೆ, ಬಸ್ಸಾರು ಉಂಡು ಬರುತ್ತಿದ್ದೆ.

ಅವಳ ಮನೆ ಪಕ್ಕದ ತೆಂಗಿನ ತೋಟದಲ್ಲಿ ಟವರ್ ನಿಲ್ಲಿಸಿದರು. ವಾರ ಕಳೆಯುವುದರಲ್ಲಿ ಇಡೀ ಬೀದಿಗೆ ತಲೆನೋವು ಶುರುವಾಯಿತು. ಒಬ್ಬನಿಗೆ ನಿದ್ದೆ ಬರಲ್ಲ, ಇನ್ನೊಬ್ಬಳಿಗೆ ಕಿವಿಯಲ್ಲಿ ಗುಂಯ್ ಅನ್ನುತ್ತೆ, ಮತ್ತೊಬ್ಬನಿಗೆ ಮಂಡಿ ಹಿಡಿದಿದೆ. ನಾನು ತೋಟಕ್ಕೇ ಹೋಗಿ ವಿಚಾರಿಸಿ ಬಂದೆ. ಬರೀ ಕಬ್ಬಿಣ ನಿಂತಿತ್ತು, ಅದಕ್ಕಿನ್ನೂ ಕರೆಂಟ್ ಲೈನೇ ಎಳೆದಿರಲಿಲ್ಲ. ವಿಜಯೋತ್ಸಾಹದಿಂದ ಬಂದು ಬೀದಿಯ ನಡುವೆ ನಿಂತು ಈ ವಿಷಯ ಹೇಳಿದೆ. ಟವರ್ ವಿರೋಧಿ ಸಮಿತಿಯ ಅಧ್ಯಕ್ಷ ಅಂತ ಒಬ್ಬ ತಾನೇ ತಾನಾಗಿ ಆಗಿದ್ದ. ಅವನು ನನ್ನ ಮುಖವನ್ನೇ ಕನಿಕರದಿಂದ ನೋಡಿದ.

"ಕರೆಂಟ್ ಇಲ್ದಾಗ್ಲೇ ಇಷ್ಟು ನೋಯ್ತದಲ್ಲ ಸ್ವಾಮಿ, ಕರೆಂಟ್ ಕೊಟ್ಮೇಲೆ ನಾವು ಬದುಕೋದುಂಟಾ?"

ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು. ಅದರಲ್ಲಿ ಅಕ್ಕನೂ ಇದ್ದಳು. ಆಮೇಲೆ ಕರೆಂಟು ಬಂತು, ಸಿಗ್ನಲ್ಲೂ ಬಂತು, ಅಧ್ಯಕ್ಷ ಒಂದು ಮೊಬೈಲನ್ನೂ ತಗೊಂಡ. ಒಂದು ದಿನ ಅವನು ಟವರ್ ಕಾಯುವವನ ಹತ್ತಿರ ಜಗಳ ಆಡುತ್ತಿದ್ದ. ಪರವಾಗಿಲ್ಲ, ಗಂಡಸು, ನ್ಯಾಯ ಕೇಳುತ್ತಿದ್ದಾನೆ ಅಂದುಕೊಂಡು ಹತ್ತಿರ ಹೋದೆ. ಟವರ್ ತೆಗೆಸುವ ಮೀಟಿಂಗಿಗೆ ಜನರನ್ನು ಫೋನ್ ಮಾಡಿ ಕರೆಯಬೇಕಂತೆ, ಬೆಳಿಗ್ಗೆಯಿಂದ ಸಿಗ್ನಲ್ ಇಲ್ಲವಂತೆ, ಕೇಳುವವರು ಯಾರೂ ಇಲ್ಲವೇ ಅಂತ ಬೈಯುತ್ತಿದ್ದ.

ಬರಿಗಾಲ ಚಿಕಿತ್ಸೆ

ಹೂವಿದ್ದ ಕಡೆ ದುಂಬಿ ಬರುವ ಹಾಗೆ, ತಲೆನೋವಿದ್ದ ಕಡೆ ಟೈ ಕಟ್ಟಿದವನೊಬ್ಬ ಬಂದ. ಮಾರಮ್ಮನ ಗುಡಿ ಜಗಲಿಯ ಮೇಲೆ ಬ್ಯಾಗು ಬಿಚ್ಚಿ ಕೂತ. ನಾನು ಮಾತ್ರೆ ಕೊಡಲು ಹೋದ ಭಾನುವಾರವೇ ಅದು. ಟವರಿನಿಂದ ಬರುವ ರೇಡಿಯೇಷನ್ ರಕ್ತದಲ್ಲಿ ಕೂತುಬಿಡುತ್ತದೆ, ಇಂಗ್ಲಿಷ್ ಮಾತ್ರೆಯಿಂದ ಅದು ಇಳಿಯುವುದಿಲ್ಲ ಅಂತ ಭಾಷಣ ಶುರುಮಾಡಿದ. ಇಳಿಸುವುದಕ್ಕೆ ಮೂರು ದಾರಿಯಂತೆ. ಬೆಳಿಗ್ಗೆ ಸಾಯಂಕಾಲ ಒಂದೊಂದು ಚಮಚ ಮಿನರಲ್ ಪುಡಿ ತಿನ್ನಬೇಕು. ಕೈಗೆ ತಾಮ್ರದ ಬಳೆ ಹಾಕಬೇಕು. ದಿನಾ ಅರ್ಧ ಗಂಟೆ ಬರಿಗಾಲಲ್ಲಿ ಮಣ್ಣಿನ ಮೇಲೆ ನಡೆಯಬೇಕು.

ರಾಗಿ ಹೊಲದ ಕಳೆ ಕಿತ್ತು ನೇರವಾಗಿ ಅಲ್ಲಿಗೆ ಬಂದ ಒಬ್ಬ ಅಜ್ಜಿ ಮುಂದೆಯೇ ಕೂತಿದ್ದಳು. ಮೊಣಕಾಲ ತನಕ ಕೆಸರು.

"ನಾನು ಹುಟ್ದಾಗಿಂದ ಕಾಲಿಗೆ ಏನೂ ಹಾಕಿಲ್ಲ ಕಣಪ್ಪ," ಅಂದಳು ಅಜ್ಜಿ. "ಹೊತ್ತುಟ್ಟಿದ್ರೆ ಹೊಲ, ಹೊತ್ತು ಮುಳುಗಿದ್ರೆ ಮನೆ. ಆದ್ರೂ ತಲೆನೋವು ಐತಲ್ಲ, ಯಾಕೆ?"

ಸಿಕ್ಕಿಬಿದ್ದ ಕಳ್ಳ ಅಂತ ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅವನು ಎಂಥ ಗಟ್ಟಿ ಪಿಂಡ ನೋಡಿ. ಅಜ್ಜಿಯ ಕಾಲನ್ನೇ ಗಂಭೀರವಾಗಿ ನೋಡಿದ, ಮಣ್ಣಿನ ಡೋಸ್ ಜಾಸ್ತಿಯಾಗಿದೆ ಅಂದ. ಬ್ಯಾಗಿನಿಂದ ಒಂದು ಜೊತೆ ಮ್ಯಾಗ್ನೆಟ್ ಚಪ್ಪಲಿ ತೆಗೆದು ಅವಳ ಮುಂದಿಟ್ಟ.

ಅಜ್ಜಿ ತಗೊಂಡಳು. ಮಣ್ಣಾಗುತ್ತೆ ಅಂತ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಮಾರನೇ ದಿನ ಬರಿಗಾಲಲ್ಲೇ ಕಳೆ ಕೀಳಲು ಹೋದಳು.

ಬೆಂದ ಹುಳದ ರೇಡಿಯೇಷನ್

ಅದೇ ಟೈ ಮಹಾಶಯ ನಮ್ಮೂರಿಗೂ ಕಾಲಿಟ್ಟ. ರೇಷ್ಮೆ ನೂಲು ತೆಗೆಯುವ ಶೆಡ್ಡೊಂದಕ್ಕೆ ನಾನು ಸುಟ್ಟಗಾಯದ ಮುಲಾಮು ಕೊಡಲು ಹೋಗಿದ್ದೆ. ಅಲ್ಲಿ ಹೆಣ್ಣುಮಕ್ಕಳು ದಿನವಿಡೀ ಕುದಿಯುವ ನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ತೆಗೆಯುತ್ತಾರೆ. ಬೆರಳೆಲ್ಲ ಬೊಬ್ಬೆ ಎದ್ದಿರುತ್ತೆ. ಗೂಡಿನೊಳಗಿನ ಹುಳ ಬೆಂದು ಬರುವ ನಾತವಂತೂ ಹೊಸಬರಿಗೆ ತಡೆಯಲಾಗದು. ಮಹಾಶಯ ಒಳಗೆ ಬಂದ. ಎರಡು ನಿಮಿಷಕ್ಕೆ ಮುಖ ಬಿಳಚಿಕೊಂಡಿತು, ಕಣ್ಣಲ್ಲಿ ನೀರು ಬಂತು, ಕಂಬ ಹಿಡಿದುಕೊಂಡ. ಈ ಶೆಡ್ಡಿನಲ್ಲಿ ರೇಡಿಯೇಷನ್ ವಿಪರೀತ ಇದೆ, ನನ್ನಂಥವನಿಗೇ ತಲೆ ಸುತ್ತುತ್ತಿದೆ, ನಿಮ್ಮ ಗತಿ ಏನು ಅಂತ ಮಾಲೀಕನನ್ನು ಕೇಳಿದ.

ನೂಲು ತೆಗೆಯುತ್ತಿದ್ದ ಹೆಂಗಸು ತಲೆಯನ್ನೂ ಎತ್ತಲಿಲ್ಲ. "ಅದು ಹುಳ ಬೆಂದ ವಾಸ್ನೆ ಕಣಣ್ಣ. ಒಂದ್ವಾರ ಇಲ್ಲೇ ಕೂತ್ಕೊ, ಸರಿಯೋಯ್ತದೆ."

ಎಲ್ಲರೂ ನಕ್ಕರು, ಮಾಲೀಕನೊಬ್ಬನನ್ನು ಬಿಟ್ಟು. ಓದಿದ ಮನುಷ್ಯ ಸುಮ್ಮಸುಮ್ಮನೆ ತಲೆ ತಿರುಗಿ ಬೀಳುತ್ತಾನಾ ಅನ್ನುವುದು ಅವನ ವಾದ. ದಪ್ಪನೆಯ ತಾಮ್ರದ ಬಳೆ ತಗೊಂಡು ಹಾಕಿಕೊಂಡ. ಮಾರನೇ ದಿನ ಒಬ್ಬಳು ಕೆಲಸಕ್ಕೆ ಬಾರದಿದ್ದಾಗ ತಾನೇ ಬಿಸಿನೀರಿನ ತೊಟ್ಟಿ ಮುಂದೆ ಕೂತು ಬಳೆಯ ಸಮೇತ ಕೈ ಅದ್ದಿದ. ತಾಮ್ರ ಕಾದು ಮಣಿಕಟ್ಟಿನ ಸುತ್ತ ಬಳೆಯ ಅಚ್ಚೇ ಮೂಡಿತು. ಮುಲಾಮಿಗೆ ನನ್ನ ಅಂಗಡಿಗೇ ಬಂದ. ಕೈ ಉರಿಯುತ್ತಿದ್ದರೂ ಮುಖದಲ್ಲಿ ಖುಷಿ.

"ರೇಡಿಯೇಷನ್ ಹೆಂಗೆ ಎಳ್ದೈತೆ ನೋಡಿ ಸಾರ್," ಅಂದ.

ರಾಗಿ ಹಿಟ್ಟಿನ ಡಬ್ಬ

ಇಲ್ಲಿಯತನಕ ಊರವರ ಕಥೆ. ಊರವರು ಬಳೆ ಹಾಕಲಿ, ಚಪ್ಪಲಿ ಬೀಗದಲ್ಲಿಡಲಿ, ನನಗೇನು? ಆದರೆ ಟೈನವನು ಬಂದು ಹೋಗಿ ಎರಡು ತಿಂಗಳಾದ ಮೇಲೆ ಅಕ್ಕನ ಮನೆಗೆ ಹೋದಾಗ ಅವಳು ಹಸುವಿನ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಳು. ಹಣೆ ತರಚಿತ್ತು. ತಲೆ ತಿರುಗಿ ಬಿದ್ದೆ, ಟವರ್ ಕಾಟ ಜಾಸ್ತಿಯಾಗಿದೆ ಅಂದಳು. ಅವಳಿಗೆ ಮುದ್ದೆ ಮಾಡಿಕೊಡೋಣ ಅಂತ ನಾನೇ ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಎರಡು ತಿಂಗಳ ಬಿಪಿ ಮಾತ್ರೆ. ಒಂದು ಶೀಟೂ ಒಡೆದಿರಲಿಲ್ಲ.

ಹಿಟ್ಟು ಮೆತ್ತಿದ ಮಾತ್ರೆ ಹಿಡಿದು ಹೊರಗೆ ಬಂದು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಸಮಾಧಾನವಾಗಿ ಪಕ್ಕದ ಗೋಡೆಗೂಡಿನಿಂದ ಮಿನರಲ್ ಪುಡಿಯ ಡಬ್ಬಿ ತೆಗೆದು ತೋರಿಸಿದಳು. ಪುಡಿ ತಿನ್ನುವಾಗ ಮಾತ್ರೆ ತಿಂದರೆ ಎರಡೂ ಒಳಗೇ ಜಗಳ ಆಡುತ್ತವೆ ಅಂತ ಟೈನವನು ಹೇಳಿದ್ದನಂತೆ. ಆದರೂ ಮಾತ್ರೆಯನ್ನು ಬಿಸಾಡದೆ ಜೋಪಾನ ಮಾಡಿದ್ದೇನಲ್ಲ ಅಂತ ಅವಳಿಗೆ ಹೆಮ್ಮೆ ಬೇರೆ.

ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಬಿಪಿ ನೋಡಿ ಅವರು ಬೆವೆತರು. ಹೀಗೇ ಬಿಟ್ಟರೆ ಒಂದು ಕಡೆ ಕೈಕಾಲು ಬಿದ್ದುಹೋಗುತ್ತೆ ಅಮ್ಮ ಅಂತ ಬಿಡಿಸಿ ಹೇಳಿದರು. ಅಕ್ಕ ವಿಧೇಯಳಾಗಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಅಂದಳು, "ಪಾಪ, ಆಯಪ್ಪನ ಜೇಬಲ್ಲೇ ಮೊಬೈಲ್ ಐತೆ ಕಣ್ಲಾ. ಒಂದು ಡಬ್ಬಿ ಪುಡಿ ಮೊದ್ಲು ಅವ್ರಿಗೇ ಕೊಡ್ಬೇಕು."

ಹಸುವಿನ ಸಾಕ್ಷಿ

ನಾನು ಬೇಡಿಕೊಂಡೆ, ಆಣೆ ಇಟ್ಟೆ, ಮೂರು ದಿನ ಮಾತು ಬಿಟ್ಟೆ. ಏನೂ ನಡೆಯಲಿಲ್ಲ. ಅದರ ಮೇಲೆ ಹಸು ಬೇರೆ ನನ್ನ ವಿರುದ್ಧ ನಿಂತಿತು. ಹಾಲು ಒಸಿ ಕಮ್ಮಿಯಾಗಿದ್ದಕ್ಕೆ, ಮೂಕಪ್ರಾಣಿಗೂ ಟವರ್ ತಟ್ಟಿದೆ ಅಂತ ಅಕ್ಕ ಅದೇ ಪುಡಿಯನ್ನು ದಿನಾ ಎರಡು ಹಿಡಿ ಬೂಸಕ್ಕೆ ಕಲಸಿದಳು. ಹದಿನೈದು ದಿನದಲ್ಲಿ ಹಾಲು ಹೆಚ್ಚಾಯಿತು.

ಊರಿಗೆ ಊರೇ ಕೊಟ್ಟಿಗೆಗೆ ಬಂದು ನೋಡಿತು. ಮನುಷ್ಯ ಸುಳ್ಳು ಹೇಳಬಹುದು, ಹಸು ಹೇಳುತ್ತಾ ಅಂತ ಸಮಿತಿ ಅಧ್ಯಕ್ಷ ಕೇಳಿದ. ನಾನು ಡಬ್ಬಿಯ ಮೇಲಿನ ಅಕ್ಷರ ಓದಿದೆ. ಕ್ಯಾಲ್ಸಿಯಂ, ರಂಜಕ, ಮೆಗ್ನೀಷಿಯಂ, ಸತು, ತಾಮ್ರ. ಅಯ್ಯೋ ನಿಮ್ಮ ಮನೆ ಹಾಳಾಗ, ಡೈರಿಯಲ್ಲಿ ಹಸುವಿಗೆ ಅಂತಲೇ ಚೀಲದಲ್ಲಿ ಕೊಡುವ ಮಿನರಲ್ ಮಿಕ್ಸ್ಚರ್ ಇದೇ ಅಲ್ಲವಾ, ಇದನ್ನು ತಿಂದರೆ ಯಾವ ಹಸುವಾದರೂ ಹಾಲು ಕೊಡುತ್ತೆ ಅಂತ ಕಿರುಚಿದೆ.

"ಹಸುಗೆ ಒಳ್ಳೇದಾದ್ದು ಮನುಷ್ಯಂಗೆ ಕೆಟ್ಟದ್ದಾಯ್ತದಾ?" ಅಂದಳು ಅಕ್ಕ. ಅವತ್ತಿನಿಂದ ತಾನು ತಿನ್ನುವುದನ್ನು ಎರಡು ಚಮಚ ಮಾಡಿದಳು.

ದನದ ಆಸ್ಪತ್ರೆಯ ಚೀಟಿ

ಅಕ್ಕ ಈ ಪ್ರಪಂಚದಲ್ಲಿ ನಂಬುವುದು ಒಬ್ಬರನ್ನು. ಅವರು ದನದ ಡಾಕ್ಟರು. ಹಿಂದಿನ ವರ್ಷ ಕರು ಅಡ್ಡ ಬಂದಾಗ ಹಸುವನ್ನೂ ಕರುವನ್ನೂ ಉಳಿಸಿಕೊಟ್ಟವರು. ಬೇರೆ ದಾರಿಯೇ ಕಾಣದೆ ಒಂದು ಬೆಳಿಗ್ಗೆ ಮಾನ ಮರ್ಯಾದೆ ಬಿಟ್ಟು ಅವರಲ್ಲಿಗೆ ಹೋದೆ. ನನ್ನ ಹಿಂದೆ ಒಂದು ಎಮ್ಮೆ, ಮುಂದೆ ಎರಡು ಮೇಕೆ. ಇಪ್ಪತ್ತು ವರ್ಷ ಔಷಧಿ ಮಾರಿದ ನಾನು, ಅಕ್ಕನ ಬಿಪಿಗೋಸ್ಕರ ದನದ ಆಸ್ಪತ್ರೆಯಲ್ಲಿ ಸಾಲು ನಿಂತೆ. ಡಾಕ್ಟರು ಕೇಳಿಸಿಕೊಂಡು, ಕಾಲುಬಾಯಿ ರೋಗದ ಲಸಿಕೆ ಹಾಕಲು ನಿಮ್ಮಕ್ಕನ ಊರಿಗೆ ಬರುತ್ತಿದ್ದೇನೆ, ನೀವು ಮಾತ್ರ ಬಾಯಿ ತೆರೆಯಬಾರದು ಅಂದರು.

ಬಂದರು. ಹಸುವಿಗೆ ಚುಚ್ಚಿದರು. ಗೂಡಿನಲ್ಲಿದ್ದ ಡಬ್ಬಿ ಕೈಗೆತ್ತಿಕೊಂಡು ಓದಿ, ಹಾಲು ಹೆಚ್ಚೋದಕ್ಕೆ ಒಳ್ಳೇದು ಅಂದರು. ಅಕ್ಕ ನನ್ನ ಕಡೆ ಗೆದ್ದ ನೋಟ ಬಿಟ್ಟಳು. ತಾನೂ ದಿನಾ ತಿನ್ನುತ್ತಿದ್ದೇನೆ ಅಂತ ಸೇರಿಸಿದಳು.

"ಹೌದಾ," ಅಂದರು ಡಾಕ್ಟರು, ಒಂಚೂರೂ ನಗದೆ. "ಎಷ್ಟು ಲೀಟರ್ ಕೊಡ್ತಾ ಇದ್ದೀರಿ?"

"ಹತ್ತು ಲೀಟರ್ ಕೊಡ್ತದೆ ಸ್ವಾಮಿ."

"ಹಸುದಲ್ಲಮ್ಮ. ನಿಮ್ಮದು."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹಸುವಿಗೆ ಪುಡಿ, ನಿಮಗೆ ಬಿಪಿ ಮಾತ್ರೆ, ಅದಲುಬದಲು ಮಾಡಿದರೆ ಹಾಲು ಕರೆಯೋದಕ್ಕೆ ನಿಮ್ಮ ಕೈ ಇರಲ್ಲ, ಹಸು ಯಾರನ್ನು ನಂಬಬೇಕು ಅಂತ ಡಾಕ್ಟರು ಮೆಲ್ಲಗೆ ಕೇಳಿದರು. ಆ ಮಾತು ನಾಟಿತು. ಹಸುವಿನ ಮುಖ ನೋಡಿ ಅಕ್ಕನ ಕಣ್ಣು ತುಂಬಿತು. ಹಾಗಾದರೆ ನೀವೇ ಬರೆದುಕೊಡಿ, ತಿನ್ನುತ್ತೇನೆ ಅಂದಳು. ನಾನು ಎದ್ದೆನೋ ಬಿದ್ದೆನೋ ಅಂತ ಒಳಗೆ ಹೋಗಿ ಹಿಟ್ಟಿನ ಡಬ್ಬದಲ್ಲಿ ಮಾತ್ರೆ ಹುಡುಕತೊಡಗಿದೆ. ಅವರು ಏನು ಬರೆದರೋ ನೋಡಲಿಲ್ಲ.

ಒಂದು ತಿಂಗಳು ತಪ್ಪದೆ ಮಾತ್ರೆ ನುಂಗಿ, ಬಿಪಿ ಇಳಿದು, ಅಕ್ಕ ತಾನೇ ಬಸ್ಸು ಹತ್ತಿ ಅಂಗಡಿಗೆ ಬಂದಳು. ಗಿರಾಕಿಗಳು ತುಂಬಿದ್ದರು. ಎಲ್ಲರ ಮುಂದೆ ಸೊಂಟದ ಚೀಲದಿಂದ ದನದ ಆಸ್ಪತ್ರೆಯ ಚೀಟಿ ತೆಗೆದು ಕೌಂಟರ್ ಮೇಲಿಟ್ಟಳು. ಖಾಲಿ ಜಾಗ ತುಂಬಲು ಅಚ್ಚು ಹಾಕಿಸಿದ ಚೀಟಿ. ಕೊನೆಯಲ್ಲಿ ಮಾತ್ರೆ ತಪ್ಪಿಸಬೇಡಿ ಅಂತ ಬರೆದಿತ್ತು. ಮೇಲೆ ಮಾಲೀಕರು ಅನ್ನುವ ಕಡೆ ಅಕ್ಕನ ಹೆಸರು. ಅದರ ಕೆಳಗೆ ಜಾನುವಾರು ಅನ್ನುವ ಕಡೆ ನನ್ನ ಹೆಸರು. ಗಂಡು. ವಯಸ್ಸು ನಲವತ್ತೆಂಟು. ಬಣ್ಣ ಎಣ್ಣೆಗೆಂಪು.

ಓದಿ ನನ್ನ ನೆತ್ತಿ ಕಾಯಿತು. ಇದೇನಕ್ಕ ಇದು ಅಂತ ಕೇಳಿದೆ. ಜಾಗ ಖಾಲಿ ಬಿಟ್ಟರೆ ಆಫೀಸಿನಲ್ಲಿ ಕೇಳುತ್ತಾರೆ, ಏನಾದರೂ ಹೇಳಮ್ಮ ಅಂತ ಡಾಕ್ಟರು ತಮಾಷೆ ಮಾಡಿದರಂತೆ.

"ಹಸು ಹೆಸ್ರು ಬರ್ಸೋಣ ಅಂದ್ರೆ ಮಾತ್ರೆ ಅದುಕ್ಕಲ್ವಲ್ಲ. ಅದುಕ್ಕೆ ನಿನ್ನ ಬರ್ಸ್ಬುಟ್ಟೆ," ಅಂದಳು ಅಕ್ಕ. "ಸಾಕಿದ್ದು ನಾನೇ ತಾನೇ? ತಪ್ಪೇನ್ಲಾ ಐತೆ?"

ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ತಿಂಗಳ ಮಾತ್ರೆ ಎಣಿಸಿ ಅವಳ ಕೈಗೆ ಕೊಟ್ಟೆ.